ನೋವು ಹತ್ತಕ್ಕೆ ಎಷ್ಟು ಅಂತ ನಮ್ಮ ಅಜ್ಜಿಯರನ್ನು ಹೇಗೆ ಕೇಳುವುದು?

ಧಾರವಾಡದ ಫಿಸಿಯೋ:
ನಾನು ಫಿಸಿಯೋಥೆರಪಿಸ್ಟ್. ದೀರ್ಘಕಾಲದ ನಡುನೋವಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮೂರು ತಿಂಗಳು ದಾಟಿದರೂ ಹೋಗದ ನೋವು ಅಂದರೆ ದೀರ್ಘಕಾಲದ್ದು. ಕುಂದಗೋಳ, ನವಲಗುಂದ ಕಡೆಯ ಹಳ್ಳಿಗಳಿಗೆ ಹೋಗಿ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಮಾತಾಡಿಸುತ್ತೇನೆ.

ನನ್ನ ಮೊದಲ ಪ್ರಶ್ನೆಯೇ ಅಲ್ಲಿ ನಿಲ್ಲುತ್ತಿಲ್ಲ. "ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾರದ ನೋವು. ನಿಮ್ಮದು ಎಷ್ಟು?" ಕಳೆದ ವಾರ ಒಬ್ಬ ಅಜ್ಜಿ ಸುಮಾರು ಹೊತ್ತು ಯೋಚನೆ ಮಾಡಿದರು. ಆಮೇಲೆ, "ಹೊಲದಾಗ ಕಸ ತಗಿಯೂವಾಗ ಹತ್ತು. ಮೊಮ್ಮಗ ಬಂದಾಗ ಏನೂ ಇಲ್ಲ. ಯಾವುದನ್ನ ಬರ್ಕೋತಿ ಯವ್ವಾ?" ಎಂದರು. ನಾನು ಐದು ಅಂತ ಬರೆದುಕೊಂಡು ಬಂದೆ. ಆ ಐದು ಯಾರ ನೋವು ಅಂತ ಇನ್ನೂ ಕಾಡುತ್ತಿದೆ.

ನಿಮ್ಮ ಮನೆಯ ಹಿರಿಯರು ನೋವನ್ನು ಯಾವ ಮಾತಲ್ಲಿ ಹೇಳುತ್ತಾರೆ? ಜಾಸ್ತಿ, ಕಡಿಮೆ ಅಂತ ಹೇಗೆ ಅಳೆಯುತ್ತಾರೆ? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜ್ಯಾಕ್ 1975ರಲ್ಲಿ ನೋವಿನ ಪದಗಳನ್ನೇ ಗುಂಪು ಮಾಡಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದನ್ನು ಸುಮ್ನೆ ಕನ್ನಡಕ್ಕೆ ತಿರುಗಿಸಿದರೆ "ತೀಕ್ಷ್ಣ ನೋವು" ಅಂತ ಬರುತ್ತದೆ. ಹಳ್ಳಿಯಲ್ಲಿ ಹಾಗೆ ಯಾರು ಮಾತಾಡುತ್ತಾರೆ?

ಬೆಟಗೇರಿ ನೇಕಾರರ ಮಗ:
ಮೇಡಂ, ನಮ್ಮ ಅಪ್ಪ ಗದಗ-ಬೆಟಗೇರಿಯಲ್ಲಿ ನಲವತ್ತು ವರ್ಷ ಕುಣಿಮಗ್ಗದಲ್ಲಿ ಕೂತವರು. ಅವರ ಬಾಯಲ್ಲಿ 'ನೋವು' ಬರುವುದೇ ಕಡಿಮೆ. "ನಡ ಹಿಡಕೊಂಡೈತಿ" ಅಂದರೆ ಬಗ್ಗಲು ಆಗುತ್ತಿಲ್ಲ. "ಚಳಕು ಹೊಡಿತೈತಿ" ಅಂದರೆ ಫಕ್ಕನೆ ಬಂದು ಹೋಗುವಂಥದ್ದು. "ಕಾಲು ಹರೀತಾವ" ಅಂದರೆ ಅವತ್ತು ರಾತ್ರಿ ನಿದ್ದೆ ಇಲ್ಲ. ಅಳತೆ ಅಂದರೆ, ಒಂದು ಹೊತ್ತಿನಲ್ಲಿ ಮಗ್ಗದಿಂದ ಎಷ್ಟು ಸಲ ಎದ್ದರು ಅನ್ನುವುದು. ಎರಡೇ ಸಲ ಎದ್ದರೆ ಚಲೋ ದಿನ.

ಎಂಆರ್‌ಐಯಲ್ಲಿ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿದೆ ಅಂತ ಬಂತು. ಅಂದಿನಿಂದ ನೀರಿನ ಕೊಡವನ್ನೂ ಮುಟ್ಟುತ್ತಿಲ್ಲ, ನಡಕ್ಕೆ ಕಟ್ಟಿದ ಬೆಲ್ಟ್ ಬಿಚ್ಚುತ್ತಿಲ್ಲ. ಇದು ಸರಿನಾ?

ಧಾರವಾಡದ ಫಿಸಿಯೋ:
ಸರ್, ಈ ಮಾತುಗಳೇ ಬೇಕಿತ್ತು, ಬರೆದಿಟ್ಟುಕೊಂಡೆ. ಅಪ್ಪಾವರಿಗೆ ಇದನ್ನು ಹೇಳಿ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದ ಅಧ್ಯಯನ 2015ರಲ್ಲಿ ಬಂತು. ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37 ಜನರಿಗೆ ಡಿಸ್ಕ್ ಸವೆದಿತ್ತು. ಎಂಬತ್ತರ ವಯಸ್ಸಿನಲ್ಲಿ ಶೇ. 96. ಅವರಿಗೆ ನೋವಿರಲಿಲ್ಲ ಅನ್ನುವುದು ಮುಖ್ಯ. ಸವೆತ ಕಂಡ ಮಾತ್ರಕ್ಕೆ ನಡ ಮುರಿದುಹೋಯಿತು ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಇಂಥ ನಡುನೋವಿಗೆ ಬೆಲ್ಟ್ ಬೇಡ ಅಂತಲೇ ಇದೆ, ವ್ಯಾಯಾಮ ಮಾಡಿಸಿ ಅಂತ ಇದೆ. ಮೊದಲು ಅರ್ಧ ಕೊಡ, ನಿಧಾನವಾಗಿ ಜಾಸ್ತಿ. ಆದರೆ ಕಾಲಿನ ಶಕ್ತಿ ಹೋಗುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದರೆ, ತಡಮಾಡದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಬ್ಯಾಡಗಿ ಹುಡುಗಿ:
ಅಕ್ಕಾ, ನಮ್ಮವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಕೂತರೆ ಸಂಜೆ ಏಳುವುದು. ಒಂದು ಸಲ ಒಂದು ಕಡೆ ತೋರಿಸಿದೆವು. ರಿಪೋರ್ಟ್ ಎಲ್ಲಾ ಸರಿಯಿದೆ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಅಷ್ಟೇ ಅಂದರು. ಆಮೇಲೆ ಅವ್ವ ನೋವಿನ ಮಾತೇ ಎತ್ತಲಿಲ್ಲ. ಒಂದು ದಿನ ಆರು ರೊಟ್ಟಿ ಬಡಿದು ಎದ್ದುಬಿಟ್ಟಳು. ಮೊದಲು ಇಪ್ಪತ್ತು ಬಡಿಯುತ್ತಿದ್ದಳು. ನನಗೆ ಆಗ ಗೊತ್ತಾಯಿತು. ಎಷ್ಟು ನೋವು ಅಂತ ಕೇಳಬೇಡಿ ಅಕ್ಕಾ. ಯಾವ ಕೆಲಸ ಬಿಟ್ಟಿರಿ ಅಂತ ಕೇಳಿ.

ಧಾರವಾಡದ ಫಿಸಿಯೋ:
ತಂಗಿ, ನಿನ್ನ ಮಾತು ಓದಿ ಕಣ್ಣು ತುಂಬಿತು. ಅವ್ವ ಹೇಳಿದ್ದು ನಿಜ, ರಿಪೋರ್ಟ್ ಏನೇ ಹೇಳಲಿ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯಾನವನ್ನು ತಿದ್ದಿತು. ಅದರ ಜೊತೆ ಕೊಟ್ಟ ಟಿಪ್ಪಣಿಯಲ್ಲೇ, ತನಗೆ ನೋವಿದೆ ಅಂತ ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಅಂತ ಇದೆ.

ನೀನು ಹೇಳಿದಂಥ ಮಾಪಕ ಒಂದು ಇದೆ, 1995ರದ್ದು. ಆಗದೇ ಇರುವ ಕೆಲಸಗಳನ್ನು ರೋಗಿಯೇ ಹೆಸರಿಸಬೇಕು. ಎಷ್ಟರ ಮಟ್ಟಿಗೆ ಮಾಡಬಲ್ಲೆ ಅಂತಲೂ ಅವರೇ ಹೇಳಬೇಕು. ಅಂಕಿ ಅದರಲ್ಲೂ ಸೊನ್ನೆಯಿಂದ ಹತ್ತೇ. ಆದರೆ ಕೈಯಲ್ಲಿ ರೊಟ್ಟಿ ಇದ್ದಾಗ ಎಣಿಸುವುದು ಸುಲಭ ಅಲ್ವಾ? ಗೈಡ್ ಹತ್ತಿರ ಇದನ್ನು ಮಾತಾಡುತ್ತೇನೆ. ಶುಕ್ರವಾರ ಆ ಅಜ್ಜಿಯ ಊರಿಗೆ ಮತ್ತೆ ಹೋಗುತ್ತಿದ್ದೇನೆ.

ಬೆಟಗೇರಿ ಸರ್, ಒಂದು ಕೇಳುವುದಿದೆ. ಅಪ್ಪಾವರು "ಹರೀತಾವ" ಅನ್ನುವಾಗ ಕೈ ಎಲ್ಲಿಗೆ ಹೋಗುತ್ತದೆ, ತೊಡೆಗಾ, ಮೀನಖಂಡಕ್ಕಾ?