ಕಡಲ ಮೈಕ್ರೋಬಯಾಲಜಿ: ಪಿಎಚ್‌ಡಿಗೆ ಹೋಗಲಾ, ನೀರು ಪರೀಕ್ಷೆ ಕೆಲಸ ಹಿಡಿಯಲಾ? ಅನುಭವ ಇದ್ದವರು ಹೇಳಿ

ಅಳಿವೆಅಂಚು:
ಎಂಎಸ್ಸಿ ಮೈಕ್ರೋಬಯಾಲಜಿ ಮುಗಿಸಿದ್ದೇನೆ. ಮುಂದೆ ಎರಡು ದಾರಿ ಇವೆ. ಒಂದು, ಕರಾವಳಿ ನೀರಿನ ಗುಣಮಟ್ಟ ನೋಡುವ ಲ್ಯಾಬ್‌ನಲ್ಲಿ ಮೂರು ವರ್ಷದ ಗುತ್ತಿಗೆ ಕೆಲಸ. ಇನ್ನೊಂದು, ಎಣ್ಣೆ ತಿನ್ನುವ ಕಡಲ ಬ್ಯಾಕ್ಟೀರಿಯಾ ಮೇಲೆ ಪಿಎಚ್‌ಡಿ. ಅದಕ್ಕೆ ವರ್ಷಕ್ಕೆ ಎರಡು ಸಲ ಮೂರ್ಮೂರು ವಾರ ಹಡಗಿನಲ್ಲಿ ಇರಬೇಕು. ಅಮ್ಮನಿಗೆ ಹುಷಾರಿಲ್ಲ, ನೋಡಿಕೊಳ್ಳೋಕೆ ನಾನೊಬ್ಬಳೇ. ಈ ತಿಂಗಳೊಳಗೆ ಉತ್ತರ ಹೇಳಬೇಕು. ದಯವಿಟ್ಟು ನಿಮ್ಮ ಅನುಭವ ಹೇಳಿ.

ಭರತಇಳಿತ:
ಕೆಲಸ ಹಿಡಿಯಿರಿ. ಹನ್ನೊಂದು ವರ್ಷದಿಂದ ನಾನು ಮಾಡುತ್ತಿರುವುದು ಇದೇ. ಈ ಕೆಲಸದಲ್ಲಿ ಎಲ್ಲಾ ಗಡಿಯಾರದ ಮೇಲೆ ನಿಂತಿದೆ. ನೀರು ತೆಗೆದ ಹೊತ್ತಿನಿಂದ ಆರು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಅಲ್ಲಿಯವರೆಗೆ 10 ಡಿಗ್ರಿಗಿಂತ ಕೆಳಗೆ, ಕತ್ತಲಲ್ಲಿ. ಆಮೇಲೆ ಬ್ಯಾಕ್ಟೀರಿಯಾ ಹಿಡಿಯುವ 0.45 ಮೈಕ್ರಾನ್ ಫಿಲ್ಟರ್, ಆ ಫಿಲ್ಟರ್ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಪ್ಲೇಟ್ ಮೇಲೆ, ಇನ್‌ಕ್ಯುಬೇಟರ್‌ನಲ್ಲಿ 41 ಡಿಗ್ರಿ, 24 ಗಂಟೆ. ನನ್ನ ಮೊದಲ ವರ್ಷ ಒಂದು ದಿನ ರಸ್ತೆ ಬಂದ್ ಆಗಿ ಏಳು ಗಂಟೆ ಹತ್ತು ನಿಮಿಷ ಆಯಿತು. ಹದಿನೆಂಟು ಬಾಟಲಿ ನೀರನ್ನು ಸಿಂಕ್‌ಗೆ ಸುರಿದೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ತೆಗೆದ ನೀರು. ಇನ್ನೊಂದು ಸಲ ರಾತ್ರಿ ಇನ್‌ಕ್ಯುಬೇಟರ್ ಥರ್ಮೋಸ್ಟಾಟ್ ಕೆಟ್ಟು 48ಕ್ಕೆ ಹೋಯಿತು. 36 ಪ್ಲೇಟ್ ಹಾಳು, ಮತ್ತೆ ಭರತಕ್ಕೆ ಕಾದು ಮತ್ತೆ ಅದೇ ನೀರಿಗೆ ಇಳಿದೆವು.

ಆದರೆ ಒಂದು ಬೆಳಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗ ಫಿಲ್ಟರ್ ತುಂಬಾ ನೀಲಿ ಅಂಚಿನ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆಗಳು, ಒಂದಕ್ಕೊಂದು ಅಂಟಿಕೊಂಡು ಎಣಿಸೋಕೆ ಆಗದಷ್ಟು. ಎಲ್ಲಾ ಎಂಟೆರೊಕಾಕೈ, ಮಲದಲ್ಲಿರುವ ಬ್ಯಾಕ್ಟೀರಿಯಾ. ಎಲ್ಲೋ ಕೊಳಚೆ ಪೈಪ್ ಒಡೆದಿತ್ತು. ನಾನು ಫೋನ್ ಮಾಡಿದ ಮೇಲೆ ಮಧ್ಯಾಹ್ನದೊಳಗೆ ಆ ದಡ ಬಂದ್ ಆಯಿತು. ಎಷ್ಟು ಮಕ್ಕಳ ಹೊಟ್ಟೆ ಕೆಡುವುದು ತಪ್ಪಿತು ಅಂತ ಯಾರೂ ಲೆಕ್ಕ ಇಟ್ಟಿಲ್ಲ, ನಾನು ಮಾತ್ರ ಆ ದಿನ ಮರೆತಿಲ್ಲ.

ಮೈನಸ್‌ಎಂಬತ್ತು:
ಪಿಎಚ್‌ಡಿ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನನ್ನದೂ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾನೇ. ಆರೂವರೆ ವರ್ಷ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಕೊರೆಯುತ್ತಿದ್ದ ಎಣ್ಣೆ ಬಾವಿ ಸಿಡಿದ ಮೇಲೆ ಈ ವಿಷಯಕ್ಕೆ ಹಣ ಹರಿದು ಬಂತು, ನಾನೂ ಆ ಅಲೆಯಲ್ಲೇ ಸೇರಿದೆ. ವಿಷಯ ಚಿನ್ನದಂಥದ್ದು, ಅದರಲ್ಲಿ ಎರಡು ಮಾತಿಲ್ಲ. ಆಲ್ಕನಿವೊರಾಕ್ಸ್ ಅನ್ನುವ ಬ್ಯಾಕ್ಟೀರಿಯಾ ಶುದ್ಧ ನೀರಲ್ಲಿ ಹುಡುಕಿದರೂ ಸಿಗದಷ್ಟು ಕಡಿಮೆ. ಎಣ್ಣೆ ಬಿದ್ದರೆ ಸಾಕು, ಕೆಲವೇ ದಿನದಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತದೆ. ಎಣ್ಣೆಯಲ್ಲಿ ಕಾರ್ಬನ್ ಬೇಕಾದಷ್ಟಿದೆ, ಸಾರಜನಕ, ರಂಜಕ ಇಲ್ಲ. ಅದಕ್ಕೇ 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ಎಣ್ಣೆ ಮೆತ್ತಿದ ದಡಗಳಿಗೆ ಗೊಬ್ಬರ ಸಿಂಪಡಿಸಿದ್ದು.

ಈಗ ನನ್ನ ಕಥೆ ಕೇಳಿ. ನಾಲ್ಕನೇ ವರ್ಷ, ಒಂದು ಶನಿವಾರ ರಾತ್ರಿ, ಡೀಪ್ ಫ್ರೀಜರ್ ಕಂಪ್ರೆಸರ್ ಕೈಕೊಟ್ಟಿತು. ಅಲಾರಂ ಇತ್ತು, ಆದರೆ ಅದು ಬಡಿದುಕೊಂಡರೆ ಬರುವ ಫೋನ್ ನಂಬರ್ ಕೆಲಸ ಬಿಟ್ಟು ಹೋದವರದ್ದು. ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ಕೆಳಗೆ ನೀರು. 412 ಟ್ಯೂಬ್, ಎರಡು ಹಡಗು ಪ್ರಯಾಣ, ಮೂರು ಋತು. ಲೇಬಲ್ ಶಾಯಿ ಕರಗಿ ಕೈಗೆ ಹತ್ತಿತ್ತು. ಗೈಡ್ ಹೇಳಿದ್ದು ಒಂದೇ ಮಾತು, ಮತ್ತೆ ತೆಗೆದುಕೊಂಡು ಬನ್ನಿ. ಹಡಗಿನಲ್ಲಿ ಜಾಗ ಸಿಕ್ಕಿದ್ದು ಹದಿನಾಲ್ಕು ತಿಂಗಳ ಮೇಲೆ. ಅಷ್ಟರಲ್ಲಿ ಫೆಲೋಶಿಪ್ ಮುಗಿದು ಒಂಬತ್ತು ತಿಂಗಳು ಸಂಬಳ ಇಲ್ಲದೆ ದುಡಿದೆ. ಆಮೇಲೆ ಮೂರು ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದಮೇಲಿನ ತಾತ್ಕಾಲಿಕ ಸಂಶೋಧನೆ ಕೆಲಸ. ಇವತ್ತಿಗೂ ಕಾಯಂ ಕೆಲಸ ಇಲ್ಲ. ಎಣ್ಣೆ ಸುದ್ದಿಯಿಂದ ಹೋಯಿತು, ಹಣವೂ ಹೋಯಿತು.

ದತ್ತಾಂಶ:
ಫ್ರೀಜರ್ ನಂಬಿ ಕೂತರೆ ಹೀಗೇ ಆಗುವುದು. ನಾನು ಎರಡನೇ ವರ್ಷವೇ ಲ್ಯಾಬ್ ಬಿಟ್ಟು, ನೀರಲ್ಲಿರುವ ಡಿಎನ್ಎಯನ್ನು ಕಂಪ್ಯೂಟರ್‌ನಲ್ಲಿ ಓದುವ ಕೆಲಸಕ್ಕೆ ಬಂದೆ. ಸಮುದ್ರದ ಒಂದು ಮಿಲಿಲೀಟರ್ ನೀರಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾ ಇವೆ. ಪ್ಲೇಟ್ ಮೇಲೆ ಬೆಳೆಯುವುದು ಅದರಲ್ಲಿ ನೂರಕ್ಕೆ ಒಂದೂ ಇಲ್ಲ. ಸಾರ್11 ಗುಂಪನ್ನೇ ನೋಡಿ, ಸಮುದ್ರದ ಮೇಲ್ಪದರದಲ್ಲಿ ಅತಿ ಹೆಚ್ಚಿರುವ ಬ್ಯಾಕ್ಟೀರಿಯಾ ಅದು. 1990ರಲ್ಲಿ ಬರೀ ಡಿಎನ್ಎ ತುಣುಕಾಗಿ ಸಿಕ್ಕಿತು, ಬೆಳೆಸೋಕೆ ಆಗಿದ್ದು 2002ರಲ್ಲಿ. ಹನ್ನೊಂದು ವರ್ಷ ಪ್ಲೇಟ್ ಎಣಿಸಿ ಹೆಮ್ಮೆ ಪಡುವವರು ನೋಡುತ್ತಿರುವುದು ಎಷ್ಟು ಸಣ್ಣ ಮೂಲೆ ಅಂತ ಯೋಚಿಸಬೇಕು. ಕೋಡ್ ಬರೆಯೋದು ಕಲಿಯಿರಿ, ಎರಡೂ ದಾರಿ ಬೇಡ.

ಭರತಇಳಿತ:
ದತ್ತಾಂಶ ಅವರೇ, ಆ ಮೂಲೆಯಲ್ಲೇ ಜನ ಈಜುವುದು. ನಿಮ್ಮ ಡಿಎನ್ಎ ಓದಿದರೆ ಬ್ಯಾಕ್ಟೀರಿಯಾ ಬದುಕಿದೆಯೋ ಸತ್ತಿದೆಯೋ ಗೊತ್ತಾಗುತ್ತಾ? ಕ್ಲೋರಿನ್ ಹಾಕಿ ಕೊಂದ ಕೊಳಚೆ ನೀರಲ್ಲೂ ಡಿಎನ್ಎ ಇರುತ್ತದೆ. ನಮ್ಮ ಕಡೆ ಒಬ್ಬರು ಹಾಗೇ ಪಿಸಿಆರ್ ಅನ್ನುವ ಡಿಎನ್ಎ ಪರೀಕ್ಷೆ ನೋಡಿ ಗಾಬರಿಯಾಗಿ ಮೂರು ದಿನ ದಡ ಮುಚ್ಚಿಸಿದರು. ಪ್ಲೇಟ್ ಮೇಲೆ ಬಂದಿದ್ದು ಎರಡು ಕಾಲೊನಿ. ಆ ಮೂರು ದಿನ ಅಲ್ಲಿ ದುಡಿಯುವವರ ಹೊಟ್ಟೆಪಾಡು ಏನಾಯಿತು, ನಿಮಗೆ ಗೊತ್ತಾ?

ದತ್ತಾಂಶ:
ಪ್ಲೇಟ್ ಸುಳ್ಳು ಹೇಳುವುದಿಲ್ವಾ? ಕಾಲರಾ ಬ್ಯಾಕ್ಟೀರಿಯಾ ಬದುಕಿದ್ದರೂ ಪ್ಲೇಟ್ ಮೇಲೆ ಬೆಳೆಯದ ಸ್ಥಿತಿಗೆ ಹೋಗುತ್ತದೆ ಅಂತ ಕಾಲರಾ ಸಂಶೋಧಕಿ ರೀಟಾ ಕೋಲ್ವೆಲ್ ಅವರ ತಂಡ 1980ರ ದಶಕದಲ್ಲೇ ತೋರಿಸಿದೆ. ನಿಮ್ಮ ಪ್ಲೇಟ್ ಖಾಲಿ ಅಂದರೆ ನೀರು ಶುದ್ಧ ಅಂತ ಅರ್ಥ ಅಲ್ಲ. ಮತ್ತೆ ನಿಮ್ಮ ಫಲಿತಾಂಶ ಬರುವುದು ಮರುದಿನ, ಅಷ್ಟರಲ್ಲಿ ಈಜಬೇಕಾದವರು ಈಜಿ ಮನೆಗೆ ಹೋಗಿರುತ್ತಾರೆ.

ಹಸಿರುಕಾಲೊನಿ:
ಕೋಲ್ವೆಲ್ ಹೆಸರು ಎತ್ತಿದಿರಿ, ಪೂರ್ತಿ ಹೇಳಿ. ಅವರ ತಂಡ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೇ ಸೀರೆ ಬಟ್ಟೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿಸಿತು. ಕಾಲರಾ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು, 2003ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಅದು ಅಂಟಿಕೊಂಡ ಕೋಪಿಪಾಡ್ ಅನ್ನುವ ಸಣ್ಣ ಜೀವಿ ನಿಲ್ಲುತ್ತದೆ. ಕಂಪ್ಯೂಟರ್ ಮುಂದೆ ಕೂತು ಇದು ಹೊಳೆಯಲ್ಲ, ನೀರಿಗೆ ಇಳಿಯಬೇಕು.

ನಾನು ವಿಬ್ರಿಯೊ, ಅಂದರೆ ಕಾಲರಾ ಬ್ಯಾಕ್ಟೀರಿಯಾ ಸೇರಿದ ಗುಂಪಿನ ಮೇಲೆ ಎಂಟು ವರ್ಷ ಇದ್ದೇನೆ. ವಿಬ್ರಿಯೊ ಬೆಳೆಸುವ ಟಿಸಿಬಿಎಸ್ ಪ್ಲೇಟ್ ಮೇಲೆ ಕಾಲರಾದ್ದು ಹಳದಿ, ಅದೇ ಗುಂಪಿನ ಪ್ಯಾರಾಹೀಮೊಲಿಟಿಕಸ್ ಹಸಿರು. ಕಲಿಯುವಾಗ ಒಂದಿಡೀ ಬ್ಯಾಚ್ ಎರಡು ದಿನ ಇನ್‌ಕ್ಯುಬೇಟರ್‌ನಲ್ಲೇ ಬಿಟ್ಟು ಬಣ್ಣ ಎಲ್ಲಾ ಕಲಸಿಹೋಗಿ ನಾಲ್ಕು ವಾರದ ಕೆಲಸ ಬಿಸಾಡಿದೆ. ಕೈಯಲ್ಲಿ ಗಾಯ ಇದ್ದಾಗ ಬೆಚ್ಚಗಿನ ಅಳಿವೆ ನೀರಿಗೆ ಕೈ ಹಾಕಬೇಡಿ, ಅದೇ ಗುಂಪಿನ ವಲ್ನಿಫಿಕಸ್ ಇದ್ದರೆ ಕೈಯೇ ಹೋಗಬಹುದು. ನನ್ನ ಜೊತೆಯವರೊಬ್ಬರು ಚಿಪ್ಪು ತಾಗಿದ ಸಣ್ಣ ಗೀರು ಅಂತ ಸುಮ್ನೆ ಬಿಟ್ಟರು, ಹನ್ನೆರಡು ದಿನ ಆಸ್ಪತ್ರೆ.

ಮೈನಸ್‌ಎಂಬತ್ತು:
ಭರತಇಳಿತ ಅವರೇ, ನೀವು ಬಾಟಲಿ ಎಷ್ಟು ಆಳದಲ್ಲಿ ತುಂಬುತ್ತೀರಿ? ನಮ್ಮ ಹತ್ತಿರದ ಲ್ಯಾಬ್‌ನವರು ಪಾದ ಮುಳುಗುವಷ್ಟು ನೀರಲ್ಲಿ ತುಂಬಿ ಬರುತ್ತಾರೆ. ಮರಳಲ್ಲೇ ಎಂಟೆರೊಕಾಕೈ ಕೂತಿರುತ್ತವೆ, ಕಾಲಿಟ್ಟರೆ ಎದ್ದು ನೀರಿಗೆ ಬರುತ್ತವೆ.

ಭರತಇಳಿತ:
ಸೊಂಟದ ಹತ್ತಿರ. ಅಲೆ ಬರುವ ಕಡೆಗೆ ಮುಖ ಮಾಡಿ, ಮರಳು ಕೆಳಗೆ ಕೂರುವವರೆಗೆ ಕಾದು, ಬಾಟಲಿ ಬಾಯಿ ಕೆಳಗೆ ಮಾಡಿ ಮುಳುಗಿಸಿ ಆಮೇಲೆ ಮುಂದಕ್ಕೆ ತಿರುಗಿಸುತ್ತೇನೆ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಪಾದದ ನೀರು ತುಂಬಿಲ್ಲ. ಯಾರೋ ಮಾಡುವ ಕಳ್ಳಗೆಲಸವನ್ನು ನನ್ನ ತಲೆಗೆ ಕಟ್ಟಬೇಡಿ.

ಮೈನಸ್‌ಎಂಬತ್ತು:
ನಾನು ಕೇಳಿದ್ದಷ್ಟೇ, ನಿಮಗೆ ಅಂದಿಲ್ಲ. ಸಿಟ್ಟು ಯಾಕೆ?

ದತ್ತಾಂಶ:
ಮಕ್ಕಳು ಆಡುವುದು ಪಾದದ ನೀರಲ್ಲೇ ಅಲ್ವಾ? ಹಾಗಾದರೆ ಸೊಂಟದ ನೀರು ನೋಡಿ ಏನು ಪ್ರಯೋಜನ?

ಭರತಇಳಿತ:
ಎಲ್ಲಾ ವರ್ಷವೂ ಒಂದೇ ಆಳ ಇದ್ದರೆ ತಾನೇ ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸೋಕೆ ಆಗುವುದು? ದತ್ತಾಂಶ ಅಂತ ಹೆಸರಿಟ್ಟುಕೊಂಡವರಿಗೆ ಇದನ್ನೂ ಹೇಳಿಕೊಡಬೇಕಾ?

ಅಳಿವೆಅಂಚು:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಅಮ್ಮನ ವಿಷಯ ಯಾರೂ ಹೇಳಲಿಲ್ಲ. ಹಡಗಿಗೆ ಹೋಗದೆ ಪಿಎಚ್‌ಡಿ ಮಾಡಿದವರು ಯಾರಾದರೂ ಇದ್ದೀರಾ?

ಹಸಿರುಕಾಲೊನಿ:
ನಾನು ಹಡಗು ಹತ್ತಿಲ್ಲ ತಂಗಿ. ನನ್ನ ಸ್ಯಾಂಪಲ್ ಎಲ್ಲಾ ಅಳಿವೆಯದ್ದು, ದೋಣಿಯಲ್ಲಿ ಬೆಳಗ್ಗೆ ಹೋಗಿ ಸಂಜೆಗೆ ಮನೆ. ಅಪ್ಪನಿಗೆ ಡಯಾಲಿಸಿಸ್ ನಡೆಯುತ್ತಿದ್ದ ವರ್ಷಗಳು ಅವು. ವಾರಕ್ಕೆ ಮೂರು ದಿನ ಬಿಟ್ಟು ಉಳಿದ ದಿನಕ್ಕೆ ಭರತ ಇಳಿತದ ಪಟ್ಟಿ ಹೊಂದಿಸಿಕೊಳ್ಳುತ್ತಿದ್ದೆ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಬಂದರಿನ ಕೆಸರಲ್ಲೂ ಸಿಗುತ್ತವೆ. ಸೇರುವ ಮೊದಲೇ ಗೈಡ್ ಹತ್ತಿರ ಅದನ್ನು ಕೇಳಿ, ಒಪ್ಪಿದರೆ ಬರಹದಲ್ಲಿ ತೆಗೆದುಕೊಳ್ಳಿ. ಒಪ್ಪದಿದ್ದರೆ ಲ್ಯಾಬ್ ಕೆಲಸಕ್ಕೆ ಹೋಗಿ, ಆದರೆ ಶುಕ್ರವಾರದ ಪ್ಲೇಟನ್ನು ಶನಿವಾರ ಯಾರು ಎಣಿಸುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಭರತಇಳಿತ:
ನಮ್ಮಲ್ಲಿ ನಾನೇ ಎಣಿಸುವುದು. ಹೆಂಡತಿಗೆ ಅದೇ ಸಿಟ್ಟು.

ಮೈನಸ್‌ಎಂಬತ್ತು:
ಫ್ರೀಜರ್ ಅಲಾರಂ ಯಾರ ಫೋನಿಗೆ ಹೋಗುತ್ತದೆ ಅಂತಲೂ ಕೇಳಿ. ಸೇರಿದ ಮೊದಲ ದಿನವೇ ಪ್ಲಗ್ ತೆಗೆಸಿ, ಆ ಫೋನ್ ರಿಂಗ್ ಆಗುತ್ತಾ ಅಂತ ನಿಂತು ನೋಡಿ.