ಇದ್ದ ಎರಡು ಮಾತೂ ನಿಂತುಹೋದವು: ಕಾಯಬೇಕೇ, ತೋರಿಸಬೇಕೇ?

ಪ್ರಶ್ನೆ (26 ತಿಂಗಳ ಮಗುವಿನ ತಾಯಿ):

ನಮಸ್ಕಾರ ಮೇಡಂ. ನನ್ನ ಮಗನಿಗೆ ಈಗ 26 ತಿಂಗಳು. ಒಂದೂವರೆ ವರ್ಷದ ಹೊತ್ತಿಗೆ ‘ಅಮ್ಮ’, ‘ಟಾಟಾ’ ಎನ್ನುತ್ತಿದ್ದವನು ಈಗ ಅವೆರಡನ್ನೂ ಬಿಟ್ಟಿದ್ದಾನೆ. ಹೆಸರು ಹಿಡಿದು ಹತ್ತು ಸಲ ಕರೆದರೆ ಒಂದೆರಡು ಸಲ ತಿರುಗಿ ನೋಡಿದರೆ ಹೆಚ್ಚು. ಆದರೆ ಪಕ್ಕದ ಕೋಣೆಯಲ್ಲಿ ಅವನಿಗಿಷ್ಟವಾದ ಹಾಡು ಶುರುವಾದರೆ ಓಡಿ ಬರುತ್ತಾನೆ, ಹಾಗಾಗಿ ಕಿವಿ ಸರಿಯಿದೆ ಎಂದುಕೊಂಡಿದ್ದೇವೆ. ನೀರು ಬೇಕಾದರೆ ಕೇಳುವುದಿಲ್ಲ, ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಅದನ್ನೇ ಲೋಟದ ಮೇಲೆ ಇಡುತ್ತಾನೆ. ಆಟದ ಕಾರನ್ನು ಬೋರಲು ಹಾಕಿ ಚಕ್ರ ತಿರುಗಿಸುತ್ತಾ ಅರ್ಧ ಗಂಟೆ ಕೂರುತ್ತಾನೆ. ಆಶ್ಚರ್ಯವೆಂದರೆ ಒಂದರಿಂದ ಇಪ್ಪತ್ತರವರೆಗೆ ತಪ್ಪಿಲ್ಲದೆ ಎಣಿಸುತ್ತಾನೆ. ‘ಗಂಡು ಮಕ್ಕಳಿಗೆ ಮಾತು ತಡ, ಇವನಪ್ಪನೂ ಮೂರು ವರ್ಷಕ್ಕೇ ಮಾತನಾಡಿದ್ದು’ ಎನ್ನುತ್ತಾರೆ ಅತ್ತೆ. ನಾನು ಕೆಲಸಕ್ಕೆ ಹೋಗುವುದರಿಂದ ಹೀಗಾಯಿತೇ ಎಂಬ ಕೊರಗು ಬೇರೆ. ಮೂರು ತುಂಬುವವರೆಗೆ ಕಾಯಬಹುದೇ?

ಉತ್ತರ (ವಾಕ್ ಮತ್ತು ಶ್ರವಣ ತಜ್ಞೆ):

ಕಾಯಬೇಡಿ. ನೀವು ಬರೆದಿರುವುದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು, ಇದ್ದ ಎರಡು ಮಾತನ್ನೂ ಬಿಟ್ಟಿದ್ದಾನೆ ಎಂಬ ವಾಕ್ಯ. ಬಂದ ಮಾತು ಹೋಗುವುದು ಯಾವ ವಯಸ್ಸಿನಲ್ಲೂ ‘ನೋಡೋಣ’ ಎಂದು ಬಿಡುವ ವಿಷಯವಲ್ಲ. ತಡವಾಗಿ ಮಾತು ಕಲಿಯುವ ಮಕ್ಕಳು ನಿಧಾನವಾಗಿಯಾದರೂ ಮುಂದಕ್ಕೇ ಹೋಗುತ್ತಾರೆ. ಅತ್ತೆಯವರು ಹೇಳಿದ್ದು ಸುಳ್ಳಲ್ಲ, ಗಂಡು ಮಕ್ಕಳು ಸರಾಸರಿಯಲ್ಲಿ ತುಸು ತಡ ಮಾಡುವುದುಂಟು. ಆದರೆ ಆ ಅಂತರ ಬಹಳ ಸಣ್ಣದು, ಎರಡು ವರ್ಷ ದಾಟಿದ ಮಗುವಿನ ಮೌನಕ್ಕೆ ಅದು ಕಾರಣವಾಗಲಾರದು.

ಮೊದಲು ಮಾಡಿಸಬೇಕಾದದ್ದು ಶ್ರವಣ ಪರೀಕ್ಷೆ. ಹಾಡಿಗೆ ಓಡಿ ಬರುತ್ತಾನೆ ಎಂಬುದರಿಂದ ಕಿವಿ ಸರಿಯಿದೆ ಎಂದು ತೀರ್ಮಾನಿಸಬೇಡಿ. ಹಾಡಿನ ದಪ್ಪ ದನಿ ಕೇಳಿಸುತ್ತಾ ‘ಸ’, ‘ಶ’, ‘ತ’ದಂಥ ತೆಳು ಅಕ್ಷರಗಳು ಕೇಳಿಸದ ಮಕ್ಕಳಿದ್ದಾರೆ. ಶೀತವಾದಾಗಲೆಲ್ಲ ಕಿವಿಯ ತಮಟೆಯ ಹಿಂದೆ ದ್ರವ ನಿಂತು ಮಾತು ಮಂಕಾಗಿ ಕೇಳಿಸುವುದೂ ಇದೆ. ಹುಟ್ಟಿದಾಗ ಮಾಡಿದ ಪರೀಕ್ಷೆ ಸರಿಯಿದ್ದರೂ ಈಗ ಇನ್ನೊಮ್ಮೆ ಬೇಕು. ಒಳಕಿವಿ ಸದ್ದಿಗೆ ಸ್ಪಂದಿಸುವುದನ್ನು ಅಳೆಯುವ ಓಎಇ, ಸದ್ದು ನರದ ಮೂಲಕ ಮಿದುಳಿಗೆ ತಲುಪುವುದನ್ನು ಅಳೆಯುವ ಬೆರಾ ಎಂಬ ಪರೀಕ್ಷೆಗಳಿವೆ. ಬೆರಾ ಪರೀಕ್ಷೆಯನ್ನು ಸಾಮಾನ್ಯವಾಗಿ ಮಗು ನಿದ್ದೆಯಲ್ಲಿರುವಾಗ ಮಾಡುತ್ತಾರೆ. ನೋವಿಲ್ಲ, ಮಗು ಉತ್ತರ ಹೇಳಬೇಕಾಗಿಯೂ ಇಲ್ಲ.

ಇನ್ನು ಆ ಕೈ ಹಿಡಿದೆಳೆಯುವ ವಿಷಯ. ನನ್ನ ಕೋಣೆಯಲ್ಲಿ ಸೋಪಿನ ಗುಳ್ಳೆಯ ಬಾಟಲಿ ಇಟ್ಟುಕೊಂಡಿರುತ್ತೇನೆ. ನಾಲ್ಕು ಗುಳ್ಳೆ ಊದಿ, ಮುಚ್ಚಳ ಬಿಗಿಮಾಡಿ, ಸುಮ್ಮನೆ ಕೂರುತ್ತೇನೆ. ಒಂದು ಮಗು ಬಾಟಲಿ ನೋಡುತ್ತದೆ, ನನ್ನ ಮುಖ ನೋಡುತ್ತದೆ, ಮತ್ತೆ ಬಾಟಲಿ ನೋಡಿ ‘ಊ’ ಎನ್ನುತ್ತದೆ. ಅದಕ್ಕೆ ಪದವೇ ಇಲ್ಲದಿದ್ದರೂ ಅದು ನನ್ನೊಡನೆ ಮಾತನಾಡಿತು. ಇನ್ನೊಂದು ಮಗು ನನ್ನ ಮಣಿಕಟ್ಟು ಹಿಡಿದು ಮುಚ್ಚಳದ ಮೇಲೆ ಇಡುತ್ತದೆ, ಕಣ್ಣು ಬಾಟಲಿಯ ಮೇಲಿಂದ ಕದಲುವುದಿಲ್ಲ. ಆ ಹೊತ್ತಿಗೆ ಅದಕ್ಕೆ ನನ್ನ ಕೈ ಒಂದು ಇಕ್ಕಳದ ಹಾಗೆ. ಪದ ಎಷ್ಟು ಎನ್ನುವುದಕ್ಕಿಂತ ನಾನು ಹೆಚ್ಚು ಗಮನ ಕೊಡುವುದು ಈ ನೋಟಕ್ಕೆ. ಬೇಕಾದುದನ್ನು ಬೆರಳಿನಿಂದ ತೋರಿಸುವುದು ಒಂದು. ಆಕಾಶದಲ್ಲಿ ವಿಮಾನ ಕಂಡಾಗ ಏನೂ ಬೇಡದಿದ್ದರೂ ಬೆರಳು ಚಾಚಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖದತ್ತ ತಿರುಗುವುದು ಇನ್ನೊಂದು. ಎರಡನೆಯದು ಒಂದೂವರೆ ವರ್ಷದ ಹೊತ್ತಿಗೆ ಕಾಣಿಸಿಕೊಳ್ಳಬೇಕು. ನಿಮ್ಮ ಮಗ ಹೀಗೆ ಮಾಡುತ್ತಾನೆಯೇ, ಈ ವಾರ ಗಮನಿಸಿ.

ಎಣಿಕೆ ಬರುವುದು ಸಂತೋಷವೇ, ನೆನಪಿನ ಶಕ್ತಿ ಚೆನ್ನಾಗಿದೆ. ಆದರೆ ಅದು ಯಾರಿಗೂ ಏನನ್ನೂ ಹೇಳಲು ಬಳಸುವ ಮಾತಲ್ಲ. ಎರಡು ವರ್ಷಕ್ಕೆ ನಾವು ನಿರೀಕ್ಷಿಸುವುದು ‘ನೀರು ಕೊಡು’, ‘ಅಪ್ಪ ಬಾ’ ಎಂಬಂಥ, ಮಗು ತಾನಾಗಿ ಜೋಡಿಸಿದ ಎರಡು ಪದಗಳನ್ನು.

ಇದೆಲ್ಲ ಸೇರಿದರೆ ಆಟಿಸಂ, ಅಂದರೆ ಸ್ವಲೀನತೆ, ಇರಬಹುದೇ ಎಂದು ಪರೀಕ್ಷಿಸುವುದು ಅಗತ್ಯ. ‘ಇದೆ’ ಎಂದು ಇಲ್ಲಿ ಕುಳಿತು ನಾನು ಹೇಳಲಾರೆ, ಹೇಳಲೂಬಾರದು. 16ರಿಂದ 30 ತಿಂಗಳ ಮಕ್ಕಳಿಗೆಂದೇ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯೊಂದಿದೆ. ಅದೊಂದು ಜರಡಿ ಅಷ್ಟೇ. ಯಾರನ್ನು ವಿವರವಾಗಿ ನೋಡಬೇಕೆಂದು ತಿಳಿಸುತ್ತದೆ. ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನ್‌ನಿಂದಾಗಲಿ ಆಟಿಸಂ ಗೊತ್ತಾಗುವುದಿಲ್ಲ. ಮಕ್ಕಳ ಬೆಳವಣಿಗೆಯ ತಜ್ಞರು, ಮಕ್ಕಳ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಮಗುವಿನೊಂದಿಗೆ ಆಡಿ, ನಿಮ್ಮನ್ನು ವಿಚಾರಿಸಿ ನಿರ್ಧರಿಸುತ್ತಾರೆ.

ನಿಮ್ಮ ಕೊರಗಿನ ಬಗ್ಗೆ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ವಿವರಿಸಿ ಆಟಿಸಂ ಕುರಿತು ಬರೆದ ಮೇಲೆ, ತಾಯಿಯ ಪ್ರೀತಿ ಸಾಲದೆ ಮಕ್ಕಳು ಹೀಗಾಗುತ್ತಾರೆಂಬ ಮಾತು ದಶಕಗಳ ಕಾಲ ಓಡಾಡಿತು. ಅದು ಸಂಪೂರ್ಣ ತಪ್ಪೆಂದು ತಿಳಿದು ಬಹಳ ಕಾಲವಾಯಿತು. ಆ ಮಾತು ಎಷ್ಟು ತಾಯಂದಿರನ್ನು ಸುಟ್ಟಿತೋ ನೆನೆದರೆ ಈಗಲೂ ಸಂಕಟವಾಗುತ್ತದೆ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸವಿದು, ವಂಶವಾಹಿಗಳ ಪಾತ್ರ ದೊಡ್ಡದು. ನೀವು ಕೆಲಸಕ್ಕೆ ಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಲಸಿಕೆಗೂ ಇಲ್ಲ, ಹಾಗೆಂದು ಶಂಕೆ ಹುಟ್ಟಿಸಿದ 1998ರ ಲೇಖನವನ್ನು ಪ್ರಕಟಿಸಿದ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಪ್ರಶ್ನೆ (ಅದೇ ತಾಯಿ):

ಓದುತ್ತಾ ಕಣ್ಣು ತುಂಬಿತು ಮೇಡಂ. ವಿಮಾನ ತೋರಿಸುವುದು, ಮುಖ ನೋಡುವುದು ಯಾವುದೂ ಇಲ್ಲ. ಊಟ ಮಾಡಿಸಲು ದಿನಕ್ಕೆ ಮೂರು ಗಂಟೆ ಮೊಬೈಲ್ ಕೊಡುತ್ತಿದ್ದೆವು. ಅದರಿಂದಲೇ ‘ವರ್ಚುವಲ್ ಆಟಿಸಂ’ ಬರುತ್ತದೆ ಎನ್ನುತ್ತಾರೆ. ತಜ್ಞರ ಭೇಟಿ ಸಿಗುವವರೆಗೆ ಏನು ಮಾಡಲಿ?

ಉತ್ತರ:

ಆ ಹೆಸರಿನ ಕಾಯಿಲೆ ವೈದ್ಯಕೀಯದ ಯಾವ ಅಧಿಕೃತ ಪಟ್ಟಿಯಲ್ಲೂ ಇಲ್ಲ. ಆದರೂ ಮೊಬೈಲ್ ನಿಲ್ಲಿಸಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಎರಡು ವರ್ಷದೊಳಗೆ ಪರದೆ ಬೇಡ, ನಂತರ ನಾಲ್ಕರವರೆಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. ಆ ಮೂರು ಗಂಟೆ ನಿಮ್ಮ ಮುಖ ನೋಡಬಹುದಾಗಿದ್ದ ಸಮಯ, ಅದನ್ನು ಮರಳಿ ಪಡೆಯಿರಿ.

ಚಿಕಿತ್ಸೆಗೆ ರೋಗನಿರ್ಣಯದ ಕಾಗದ ಬರಲೇಬೇಕೆಂದಿಲ್ಲ, ವಾಕ್ ಚಿಕಿತ್ಸೆಯನ್ನು ಈಗಲೇ ಆರಂಭಿಸಬಹುದು. ಮನೆಯಲ್ಲಿ, ಅವನು ಚಕ್ರ ತಿರುಗಿಸುತ್ತಾ ಕುಳಿತಾಗ ಕಾರನ್ನು ಕಿತ್ತುಕೊಳ್ಳಬೇಡಿ. ಇನ್ನೊಂದು ಕಾರು ತೆಗೆದುಕೊಂಡು ಎದುರು ನೆಲದ ಮೇಲೆ ಕುಳಿತು ನೀವೂ ತಿರುಗಿಸಿ, ‘ಗಿರ್‍ರ್... ನಿಂತಿತು!’ ಎನ್ನಿ. ಅವನು ತಲೆಯೆತ್ತಿ ನೋಡಿದ ಅರೆಕ್ಷಣಕ್ಕೆ ನಗುಮುಖದಿಂದ ಉತ್ತರಿಸಿ. ಕೈಯನ್ನು ಲೋಟದ ಮೇಲೆ ಇಟ್ಟಾಗ ಲೋಟವನ್ನು ನಿಮ್ಮ ಮುಖದ ಹತ್ತಿರ ತಂದು ‘ನೀರು’ ಎನ್ನಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಕೊಟ್ಟುಬಿಡಿ. ಹೇಳುವವರೆಗೂ ಕೊಡುವುದಿಲ್ಲ ಎಂದು ಅಳಿಸಬೇಡಿ. ‘ಇದೇನು? ಹೇಳು, ಹೇಳು’ ಎಂಬ ಪರೀಕ್ಷೆಯೂ ಬೇಡ. ಮುಂದೆ ಚಿಕಿತ್ಸಕರು ಚಿತ್ರದ ಕಾರ್ಡ್ ಕೊಟ್ಟರೆ, ಮಾತು ಬರುವುದು ನಿಂತೀತೆಂದು ಹೆದರಬೇಡಿ. ಅದು ಮಾತನ್ನು ತಡೆಯುವುದಿಲ್ಲ, ಹಲವು ಮಕ್ಕಳಿಗೆ ದಾರಿಯನ್ನೇ ಮಾಡಿಕೊಡುತ್ತದೆ.

ಪ್ರಶ್ನೆ (ಇನ್ನೊಂದು ಮಗುವಿನ ತಂದೆ):

ನನ್ನ ಮಗಳಿಗೆ 25 ತಿಂಗಳು, ಪದಗಳು ಹದಿನೈದಿರಬಹುದು. ಹೇಳಿದ್ದೆಲ್ಲ ತಿಳಿಯುತ್ತದೆ. ಗೊಂಬೆಗೆ ಊಟ ಮಾಡಿಸಿ ನಮಗೆ ತೋರಿಸಿ ನಗುತ್ತಾಳೆ. ಮನೆಯಲ್ಲಿ ಎರಡು ಭಾಷೆ. ಒಂದನ್ನು ಬಿಡಿ, ನಾಲಿಗೆಯ ಕೆಳಗಿನ ಪೊರೆ ಕತ್ತರಿಸಿ ಎಂದೆಲ್ಲ ಸಲಹೆ ಬರುತ್ತಿದೆ.

ಉತ್ತರ:

ನಿಮ್ಮ ಮಗಳ ಚಿತ್ರ ಬೇರೆಯೇ. ಗೊಂಬೆಗೆ ಉಣಿಸಿ ನಿಮ್ಮತ್ತ ತಿರುಗಿ ನಗುವ ಮಗು ತನ್ನ ಸಂತೋಷ ಹಂಚಿಕೊಳ್ಳುತ್ತಿದೆ. ಇಂಥವರಲ್ಲಿ ಅನೇಕರು ತಾವಾಗಿ ಮುಂದೆ ಬರುತ್ತಾರೆ. ಎಲ್ಲರೂ ಬರುವುದಿಲ್ಲವಾದ್ದರಿಂದ ಶ್ರವಣ ಪರೀಕ್ಷೆ ಮಾಡಿಸಿ, ಒಮ್ಮೆ ವಾಕ್ ತಜ್ಞರಿಗೆ ತೋರಿಸಿ. ಭಾಷೆ ಬಿಡಬೇಡಿ, ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಪದ ಎಣಿಸುವಾಗ ಎರಡೂ ಭಾಷೆಯವನ್ನು ಸೇರಿಸಿ ಎಣಿಸಿ. ನಾಲಿಗೆಯ ಪೊರೆ ಬಿಗಿಯಿದ್ದರೆ ಕೆಲವು ಅಕ್ಷರಗಳ ಉಚ್ಚಾರ ತೊಡಕಾಗಬಹುದು, ಮಾತೇ ಬಾರದಂತೆ ಅದು ಮಾಡುವುದಿಲ್ಲ.

ಪ್ರಶ್ನೆ (ಮೊದಲ ತಾಯಿ):

ಬೆರಾ ಪರೀಕ್ಷೆಗೆ ದಿನ ಗೊತ್ತಾಯಿತು ಮೇಡಂ. ಬೆಳವಣಿಗೆಯ ತಜ್ಞರ ಬಳಿ ಹೋಗುವಾಗ ಏನನ್ನು ಒಯ್ಯಲಿ?

ಉತ್ತರ:

ಹೊಸ ಜಾಗದಲ್ಲಿ ಮಕ್ಕಳು ತಮ್ಮ ಹಾಗೆ ಇರುವುದಿಲ್ಲ, ಆದ್ದರಿಂದ ಎರಡೆರಡು ನಿಮಿಷದ ಮೂರು ವಿಡಿಯೋ ತೆಗೆದಿಡಿ: ಅವನು ಒಬ್ಬನೇ ಆಡುವಾಗ, ನಿಮ್ಮೊಡನೆ ಆಡುವಾಗ, ಹಿಂದಿನಿಂದ ಹೆಸರು ಕರೆದಾಗ. ಶ್ರವಣ ಪರೀಕ್ಷೆಯ ವರದಿ ಇರಲಿ. ‘ಟಾಟಾ’ ಯಾವ ತಿಂಗಳಲ್ಲಿ ನಿಂತಿತೆಂದು ಖಂಡಿತ ಕೇಳುತ್ತಾರೆ. ಮೊಬೈಲಿನಲ್ಲಿರುವ ಹಳೆಯ ವಿಡಿಯೋಗಳನ್ನು ತೆರೆದು, ಅವನು ಕೊನೆಯದಾಗಿ ಕೈಬೀಸಿ ‘ಟಾಟಾ’ ಎಂದ ದಿನಾಂಕ ಹುಡುಕಿ ಬರೆದುಕೊಳ್ಳಿ. ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಹಗಲೆಲ್ಲ ಮಗುವಿನ ಜೊತೆ ಇರುವವರು ಅವರಾಗಿದ್ದರೆ, ನಿಮಗೆ ಕಾಣದ್ದು ಅವರಿಗೆ ಕಂಡಿರುತ್ತದೆ.