ಮೆಟಾಫೇಸ್ ಕ್ರೋಮೋಸೋಮುಗಳು ಬಿಡಿಬಿಡಿಯಾಗಿ ಹರಡುತ್ತಿಲ್ಲ

ಪ್ರಶ್ನೆ: ರಕ್ತದ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಕಲ್ಚರ್, ಕೋಶ ವಿಭಜನೆ ಶುರುಮಾಡಿಸುವ ಪಿಎಚ್‌ಎ ಹಾಕಿ 72 ಗಂಟೆ. ನಂತರ ವಿಭಜನೆಯನ್ನು ಮೆಟಾಫೇಸಿನಲ್ಲಿ (ಕ್ರೋಮೋಸೋಮುಗಳು ಎದ್ದು ಕಾಣುವ ಹಂತ) ನಿಲ್ಲಿಸುವ ಕೋಲ್ಸೆಮಿಡ್ 2 ಗಂಟೆ, ಕೋಶ ಉಬ್ಬಿಸುವ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ) 5 ನಿಮಿಷ. ಕ್ರೋಮೋಸೋಮುಗಳು ಗಿಡ್ಡ, ಒಂದರ ಮೇಲೊಂದು ಬಿದ್ದಿವೆ. ಏನು ಬದಲಿಸಲಿ?

ಉತ್ತರ 1: ಗಿಡ್ಡವಾಗಲು ಕೋಲ್ಸೆಮಿಡ್ ಕಾರಣ. ಹೆಚ್ಚು ಹೊತ್ತು ಬಿಟ್ಟಷ್ಟೂ ಕ್ರೋಮೋಸೋಮು ಕುಗ್ಗುತ್ತದೆ, ಬ್ಯಾಂಡುಗಳು (ಬಣ್ಣ ಹಾಕಿದಾಗ ಕಾಣುವ ಅಡ್ಡಪಟ್ಟೆಗಳು) ಕೂಡಿಕೊಳ್ಳುತ್ತವೆ. ಮಿಲಿಲೀಟರಿಗೆ 0.1 ಮೈಕ್ರೋಗ್ರಾಂ, 30 ನಿಮಿಷ ಕೊಟ್ಟು ನೋಡಿ. ಕೆಸಿಎಲ್ 0.075 ಮೋಲಾರ್, 37 ಡಿಗ್ರಿಗೆ ಮೊದಲೇ ಬೆಚ್ಚಗಾಗಿರಲಿ. 15–20 ನಿಮಿಷ ಬೇಕು. 5 ನಿಮಿಷಕ್ಕೆ ಕೋಶ ಸಾಕಷ್ಟು ಉಬ್ಬುವುದಿಲ್ಲ. ಅತಿಯಾದರೆ ಒಡೆದು ಕ್ರೋಮೋಸೋಮುಗಳೇ ಚದುರಿಹೋಗುತ್ತವೆ, ಎಣಿಕೆ 46ಕ್ಕಿಂತ ಕಡಿಮೆ ಬರುತ್ತದೆ.

ಉತ್ತರ 2: ಫಿಕ್ಸೇಟಿವನ್ನೂ (ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ಉಳಿಸುವ ದ್ರವ) ನೋಡಿ. ಮೆಥನಾಲ್ 3 ಪಾಲು, ಗ್ಲೇಶಿಯಲ್ ಅಸಿಟಿಕ್ ಆಮ್ಲ 1 ಪಾಲು, ಆಗಷ್ಟೇ ಬೆರೆಸಿದ್ದು. ಮೊದಲ ಸಲ ಟ್ಯೂಬು ಅಲುಗಿಸುತ್ತಾ ಹನಿಹನಿಯಾಗಿ ಹಾಕಿ. ಒಮ್ಮೆಲೇ ಸುರಿದರೆ ಕೋಶಗಳು ಗಂಟುಕಟ್ಟುತ್ತವೆ, ಆ ಗಂಟು ಮತ್ತೆ ಬಿಡದು. ಸ್ಲೈಡ್ ತೀರಾ ಬೇಗ ಆರಿದರೂ ಹರಡುವುದಿಲ್ಲ.